ದೊರೆಯ ಬೊಕ್ಕಸಕ್ಕೆ ಬೀಗ ಹಾಕಿದವರು ಯಾರು?

ಮೊನ್ನೆ ನಮ್ಮ ಊರಿನ ಒಂದು ಸಮಾರಂಭಕ್ಕೆ ಮುಖ್ಯ ಅತಿಥಿಗಳಾಗಿ ಬಂದಿದ್ದ ಮಹನೀಯರೊಬ್ಬರು ಪ್ರಜಾಪ್ರಭುತ್ವದ ಬಗ್ಗೆ ಉಪನ್ಯಾಸ ಮಾಡಿದರು. ಹಾರ ಹಾಕಿಸಿಕೊಂಡು, ಸೋಡಾ ಕುಡಿದು, ಗಂಟಲು ಸರಿಪಡಿಸಿಕೊಂಡು ಅವರು ಹೇಳಿದ್ದರ ಸಾರ ಇಷ್ಟು: ಇಂಗ್ಲೆಂಡಿನ ದೊರೆಗಳು ಉದಾರಿಗಳು; ಕಾಲ ಕೂಡಿಬಂದಾಗ ತಾವಾಗಿಯೇ ತಮ್ಮ ಅಧಿಕಾರವನ್ನು ಪಾರ್ಲಿಮೆಂಟಿಗೆ ಧಾರೆಯೆರೆದು ಕೊಟ್ಟರು; ನಮ್ಮ ಜನಕ್ಕೆ ಆ ಯೋಗ್ಯತೆ ಇನ್ನೂ ಬಂದಿಲ್ಲ; ಸಭೆ, ಚರ್ಚೆ, ಮತ ಎಂದು ಕಾಲ ಕಳೆಯುವುದಕ್ಕಿಂತ ಗಟ್ಟಿ ಕೈಯ ಒಬ್ಬ ಆಳು ಮೇಲೆ ಕುಳಿತರೆ ದೇಶ ಉದ್ಧಾರವಾಗುತ್ತದೆ. ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ಅಂಗಡಿ ಬೀಗ ಹಾಕಿಕೊಂಡು ಬಂದ ವ್ಯಾಪಾರಿ ಮಿತ್ರರೂ ಇದ್ದರು, ಮೊದಲ ಪಾಳಿ ಮುಗಿಸಿ ಬಂದ ಗಿರಣಿಯ ಅಣ್ಣಂದಿರೂ ಇದ್ದರು.

ಅವರನ್ನು ದೂರಿ ಫಲವಿಲ್ಲ. ಇದೇ ಪಾಠವನ್ನು ನಾವೂ ಹಲವು ವರ್ಷ ಹುಡುಗರಿಗೆ ಹೇಳಿಕೊಟ್ಟಿದ್ದೇವೆ. 1215ರಲ್ಲಿ ಜಾನ್ ದೊರೆಯು ಪ್ರಜೆಗಳಿಗೆ ಮಹಾಸನ್ನದನ್ನು ದಯಪಾಲಿಸಿದನು ಎಂದು ಬೋರ್ಡಿನ ಮೇಲೆ ಬರೆದು, ಅದನ್ನೇ ಪರೀಕ್ಷೆಯಲ್ಲಿ ಒಪ್ಪಿಸಿದವನಿಗೆ ಎರಡು ಅಂಕ ಕೊಟ್ಟಿದ್ದೇವೆ. ದಯಪಾಲಿಸಿದನಂತೆ! ಕುತ್ತಿಗೆಗೆ ಕತ್ತಿ ಬಂದಾಗ ಗಂಟು ಬಿಚ್ಚಿದವನನ್ನು ದಾನಶೂರ ಕರ್ಣನೆಂದು ಹೊಗಳಿದ ಹಾಗಾಯಿತು. ಸೀಮೆಸುಣ್ಣ ಕೆಳಗಿಟ್ಟು ಪಕ್ಷದ ಕೆಲಸಕ್ಕೆ ಇಳಿದ ಮೇಲೂ ಆ ಎರಡು ಅಂಕದ ಪಾಪ ನಮ್ಮ ತಲೆಯ ಮೇಲಿದೆ. ಈ ವಾರ ಅದನ್ನು ತೊಳೆದುಕೊಳ್ಳುತ್ತೇವೆ.

ನಡೆದದ್ದು ಏನು? ಜಾನ್ ದೊರೆ ಫ್ರಾನ್ಸಿನಲ್ಲಿ ಯುದ್ಧ ಮಾಡಿ ಸೋತ. ಸೋತ ಯುದ್ಧದ ಖರ್ಚನ್ನು ಜಹಗೀರುದಾರರ ಮೇಲೆ ಹೇರಿದ. ಅವರು ಆಯುಧ ಹಿಡಿದು ಲಂಡನ್ ನಗರವನ್ನು ವಶಪಡಿಸಿಕೊಂಡರು. ಥೇಮ್ಸ್ ನದಿಯ ದಡದ ರನ್ನಿಮೀಡ್ ಎಂಬ ಹುಲ್ಲುಗಾವಲಿನಲ್ಲಿ ದೊರೆ ಒಪ್ಪಿಗೆಯ ಮುದ್ರೆ ಹಾಕಿದ. ರಾಜ್ಯದ ಸಮ್ಮತಿಯಿಲ್ಲದೆ ಇಂತಿಂಥ ವಸೂಲಿ ಮಾಡಕೂಡದು ಎಂಬುದು ಅದರಲ್ಲಿದ್ದ ಮುಖ್ಯ ಷರತ್ತುಗಳಲ್ಲಿ ಒಂದು. ಮುದ್ರೆಯ ಮೇಣ ಒಣಗುವ ಮೊದಲೇ ದೊರೆ ಪೋಪ್ ಗುರುಗಳ ಬಳಿಗೆ ದೂತರನ್ನು ಅಟ್ಟಿದ. ಅದೇ ವರ್ಷದ ಆಗಸ್ಟಿನಲ್ಲಿ ಪೋಪ್ ಮೂರನೆಯ ಇನ್ನೊಸೆಂಟ್ ಸನ್ನದನ್ನು ರದ್ದುಮಾಡಿದ. ಮತ್ತೆ ಯುದ್ಧ. ಕಾಗದ ದೊರೆಯ ಕೈ ಕಟ್ಟಲಿಲ್ಲ. ಇನ್ನು ಆ ಸನ್ನದು 'ಸ್ವತಂತ್ರ ಮನುಷ್ಯರಿಗೆ' ಕೊಟ್ಟ ಮಾತು. ಅಂದು ಇಂಗ್ಲೆಂಡಿನ ರೈತರಲ್ಲಿ ಬಹುಪಾಲು ಜನ ಜಮೀನಿಗೆ ಕಟ್ಟುಬಿದ್ದ ಜೀತಗಾರರು. ಅವರಿಗೆ ಅದರಿಂದ ಸಿಕ್ಕಿದ್ದು ಅಷ್ಟಕ್ಕಷ್ಟೇ.

ಆದರೂ ಒಂದು ಗುಟ್ಟು ಹೊರಬಿತ್ತು. ದೊರೆಗೆ ಕಿರೀಟವಿದೆ, ಕತ್ತಿಯಿದೆ, ದೇವರೇ ತನ್ನನ್ನು ಕಳುಹಿಸಿದ್ದೆಂಬ ಪುರಾಣವಿದೆ. ಇಲ್ಲದ್ದು ಕೈಯಲ್ಲಿ ನಗದು. ಯುದ್ಧ ಬಂದಾಗಲೆಲ್ಲ ಬೊಕ್ಕಸ ಬರಿದು. ಆಗ ಊರೂರಿನಿಂದ ಪ್ರತಿನಿಧಿಗಳನ್ನು ಕರೆಸಿ 'ನೆರವು' ಕೇಳಬೇಕು. ಅವರು ಬಂದು ಕೈಕಟ್ಟಿ ನಿಂತು, ಮೊದಲು ನಮ್ಮ ಅಹವಾಲು ಕೇಳಿ, ಆಮೇಲೆ ಹಣದ ಮಾತು ಎಂದರು. ಪಾರ್ಲಿಮೆಂಟು ಬೆಳೆದದ್ದು ಈ ಚೌಕಾಸಿಯಲ್ಲಿ. ಬೋನಸ್ಸಿನ ಮಾತುಕತೆಗೆ ಕುಳಿತ ಯಾವ ಗಿರಣಿ ಕಾರ್ಮಿಕನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಚೌಕಾಸಿ ರಕ್ತಕ್ಕೆ ತಿರುಗಿದ್ದು 1625ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಚಾರ್ಲ್ಸ್ ದೊರೆಯ ಕಾಲದಲ್ಲಿ. ಹೊಸ ದೊರೆಗೆ ಬಂದರಿನ ಸುಂಕವನ್ನು ಜೀವಮಾನಕ್ಕೆಲ್ಲ ಬರೆದುಕೊಡುವುದು ಅಲ್ಲಿನ ಹಳೆಯ ವಾಡಿಕೆ. ಚಾರ್ಲ್ಸನ ಮೊದಲ ಪಾರ್ಲಿಮೆಂಟಿನ ಕೆಳಮನೆ ಒಂದು ವರ್ಷಕ್ಕೆ ಮಾತ್ರ ಕೊಡುತ್ತೇವೆ ಎಂದಿತು. ದೊರೆ ಕೇಳಲಿಲ್ಲ, ಸುಂಕ ಎತ್ತುತ್ತಲೇ ಹೋದ. ಶ್ರೀಮಂತರಿಂದ ಬಲವಂತದ ಸಾಲ ಎತ್ತಿದ, ಕೊಡದವರನ್ನು ಸೆರೆಗೆ ಹಾಕಿದ. 1628ರಲ್ಲಿ ಪಾರ್ಲಿಮೆಂಟು 'ಹಕ್ಕಿನ ಅರ್ಜಿ' ಬರೆದು ದೊರೆಯ ಒಪ್ಪಿಗೆ ಪಡೆಯಿತು. ಒಪ್ಪಿದ ಮೇಲೂ ಸುಂಕ ನಿಲ್ಲಲಿಲ್ಲ.

ಇಲ್ಲಿ ನಮ್ಮ ವ್ಯಾಪಾರಿ ಮಿತ್ರರು ಒಂದು ಹೆಸರು ನೆನಪಿಡಬೇಕು. ರಿಚರ್ಡ್ ಚೇಂಬರ್ಸ್ ಎಂಬ ಲಂಡನ್ನಿನ ವರ್ತಕ, ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದ ಸುಂಕ ಕೊಡುವುದಿಲ್ಲವೆಂದ. ಅವನ ರೇಷ್ಮೆ ಸರಕು ಜಪ್ತಿಯಾಯಿತು. ದೊರೆಯ ಮಂತ್ರಾಲೋಚನಾ ಸಭೆಯ ಎದುರಿಗೇ ನಿಂತು, ತುರ್ಕಿಯಲ್ಲೂ ವರ್ತಕರನ್ನು ಇಷ್ಟು ಹಿಂಡುವುದಿಲ್ಲ ಎಂದುಬಿಟ್ಟ. ಆ ಒಂದು ಮಾತಿಗೆ 2,000 ಪೌಂಡು ದಂಡ, ವರ್ಷಗಟ್ಟಲೆ ಸೆರೆಮನೆ. ಅವನು ಕ್ಷಮೆ ಬೇಡಲಿಲ್ಲ. ಇನ್‌ಸ್ಪೆಕ್ಟರು ಅಂಗಡಿ ಮೆಟ್ಟಿಲು ಹತ್ತಿದ ಕೂಡಲೇ ಎದ್ದು ಕುರ್ಚಿ ಒರೆಸುವ ನಮ್ಮವರು ಈ ಮನುಷ್ಯನನ್ನು ಆಗಾಗ ನೆನೆಯುವುದು ಒಳ್ಳೆಯದು.

1629ರ ಮಾರ್ಚಿ 2ರಂದು ಸಭೆಯನ್ನು ಮುಂದೂಡಬೇಕೆಂದು ದೊರೆಯಿಂದ ಅಪ್ಪಣೆ ಬಂತು. ಅಧ್ಯಕ್ಷರು ಎದ್ದರೆ ಸಭೆ ಮುಗಿದಂತೆ. ಇಬ್ಬರು ಸದಸ್ಯರು ಅವರ ಎರಡು ತೋಳು ಹಿಡಿದು ಕುರ್ಚಿಯಲ್ಲೇ ಅದುಮಿ ಕೂರಿಸಿದರು. ಬಾಗಿಲಿಗೆ ಚಿಲಕ ಬಿತ್ತು. ಅಕ್ರಮ ಸುಂಕ ಎತ್ತುವವನೂ ಕೊಡುವವನೂ ದೇಶದ್ರೋಹಿಗಳೆಂದು ಠರಾವು ಕೂಗಿ ಪಾಸು ಮಾಡಿದರು. ಮುಂದಾಳಾಗಿದ್ದ ಜಾನ್ ಎಲಿಯಟ್ ಸೆರೆಮನೆಗೆ ಹೋಗಿ 1632ರಲ್ಲಿ ಅಲ್ಲಿಯೇ ಸತ್ತ.

ಆಮೇಲೆ ಹನ್ನೊಂದು ವರ್ಷ ಪಾರ್ಲಿಮೆಂಟೇ ಇಲ್ಲ. ಮುಖ್ಯ ಅತಿಥಿಗಳು ಬಯಸುವ ಗಟ್ಟಿ ಕೈಯ ಆಳ್ವಿಕೆ ಇದೇ. ಚರ್ಚೆ ಇಲ್ಲ, ಗದ್ದಲ ಇಲ್ಲ. ವಸೂಲಿ ಮಾತ್ರ ಉಂಟು. ಯುದ್ಧಕಾಲದಲ್ಲಿ ಕರಾವಳಿಯ ಊರುಗಳಿಂದ ಹಡಗು ಕೇಳುವ ಹಳೆಯ ಪದ್ಧತಿಯೊಂದಿತ್ತು. ಚಾರ್ಲ್ಸ್ ಅದನ್ನು 1634ರಲ್ಲಿ, ಯುದ್ಧವಿಲ್ಲದ ಕಾಲದಲ್ಲಿ, 'ಹಡಗಿನ ಹಣ' ಎಂಬ ತೆರಿಗೆಯಾಗಿ ಎಬ್ಬಿಸಿದ. ಮರುವರ್ಷ ಸಮುದ್ರವನ್ನೇ ಕಾಣದ ಒಳನಾಡಿನ ಮೇಲೂ ಹೇರಿದ. ಬಕಿಂಗ್‌ಹ್ಯಾಮ್ ಜಿಲ್ಲೆಯ ಜಾನ್ ಹ್ಯಾಂಪ್ಡೆನ್ ತನ್ನ ಪಾಲಿನ ಇಪ್ಪತ್ತು ಷಿಲ್ಲಿಂಗು, ಅಂದರೆ ಒಂದೇ ಒಂದು ಪೌಂಡು, ಕೊಡಲಿಲ್ಲ. ಅವನು ಬಡವನಲ್ಲ, ದೊಡ್ಡ ಜಮೀನುದಾರ. ಒಂದು ಪೌಂಡನ್ನು ಒಪ್ಪಿಕೊಂಡರೆ ನಾಳೆ ನೂರನ್ನು ಅಲ್ಲವೆನ್ನಲು ಬಾಯಿ ಇರುವುದಿಲ್ಲವೆಂಬುದು ಅವನ ಲೆಕ್ಕ. ಮೊಕದ್ದಮೆ ಹನ್ನೆರಡು ನ್ಯಾಯಾಧೀಶರ ಮುಂದೆ ಬಂತು. ದೊರೆಯ ವಕೀಲರ ವಾದವೇನು? ರಾಜ್ಯಕ್ಕೆ ಅಪಾಯವಿದೆಯೋ ಇಲ್ಲವೋ ಎಂದು ತೀರ್ಮಾನಿಸುವವನು ದೊರೆಯೊಬ್ಬನೇ; ಅವನು ಅಪಾಯವಿದೆ ಎಂದರೆ ಇದೆ; ಇದ್ದರೆ ದುಡ್ಡು ಬಿಚ್ಚಬೇಕು. 1638ರಲ್ಲಿ ಏಳು ಜನ ದೊರೆಯ ಕಡೆ, ಐದು ಜನ ಹ್ಯಾಂಪ್ಡೆನ್ ಕಡೆ. ದೊರೆ ಗೆದ್ದ. ಆದರೆ ತನ್ನ ಅನ್ನ ತಿನ್ನುವ ನ್ಯಾಯಾಧೀಶರಲ್ಲೇ ಐದು ಜನ ತಿರುಗಿಬಿದ್ದರೆಂಬ ಸುದ್ದಿ ಹಬ್ಬಿತು. ಮರುವರ್ಷ ವಸೂಲಿ ಕುಸಿದುಬಿತ್ತು.

ಅತ್ತ ಸ್ಕಾಟ್ಲೆಂಡಿನ ಮೇಲೆ ತನ್ನ ಪ್ರಾರ್ಥನಾ ಪುಸ್ತಕವನ್ನು ಹೇರಲು ಹೋಗಿ ದೊರೆ ಯುದ್ಧ ಮೈಮೇಲೆ ಎಳೆದುಕೊಂಡ. ಸೈನ್ಯಕ್ಕೆ ಸಂಬಳವಿಲ್ಲ. 1640ರಲ್ಲಿ ಗತಿಯಿಲ್ಲದೆ ಪಾರ್ಲಿಮೆಂಟು ಕರೆದ. ಏಪ್ರಿಲಿನಲ್ಲಿ ಕರೆದದ್ದು ಹಣದ ಬದಲು ಅಹವಾಲು ಎತ್ತಿದ್ದರಿಂದ ಮೂರೇ ವಾರದಲ್ಲಿ ಓಡಿಸಿದ. ನವೆಂಬರಿನಲ್ಲಿ ಮತ್ತೆ ಕರೆದದ್ದು ಕದಲಲಿಲ್ಲ. ಅದು ಸುಮ್ಮನೆ ಭಾಷಣ ಮಾಡಿಕೊಂಡು ಕೂರಲಿಲ್ಲ. ಮೂರು ವರ್ಷಕ್ಕೊಮ್ಮೆಯಾದರೂ ಪಾರ್ಲಿಮೆಂಟು ಕೂಡಲೇಬೇಕು, ತನ್ನ ಒಪ್ಪಿಗೆಯಿಲ್ಲದೆ ತನ್ನನ್ನು ವಿಸರ್ಜಿಸಕೂಡದು, ಹಡಗಿನ ಹಣ ಅಕ್ರಮ ಎಂದು ಕಾನೂನು ಮಾಡಿತು. ದೊರೆಯ ಕೈಗೊಂಬೆಯಾಗಿದ್ದ ಸ್ಟಾರ್ ಛೇಂಬರ್ ನ್ಯಾಯಾಲಯವನ್ನೇ ಮುಚ್ಚಿಸಿತು. 1642ರ ಜನವರಿ 4ರಂದು ಚಾರ್ಲ್ಸ್ ಶಸ್ತ್ರಧಾರಿಗಳೊಂದಿಗೆ ಕೆಳಮನೆಗೇ ನುಗ್ಗಿದ. ಅವನಿಗೆ ಬೇಕಾದ ಐವರು ಸದಸ್ಯರು ಮುಂಚೆಯೇ ದೋಣಿ ಹತ್ತಿ ಲಂಡನ್ನಿನ ಪೇಟೆಗೆ ಹೋಗಿಬಿಟ್ಟಿದ್ದರು. ಅವರೆಲ್ಲಿ ಎಂದು ದೊರೆ ಕೇಳಿದರೆ ಅಧ್ಯಕ್ಷರು ಮಂಡಿಯೂರಿ, ಈ ಮನೆ ಅಪ್ಪಣೆ ಕೊಟ್ಟದ್ದನ್ನು ಬಿಟ್ಟರೆ ನೋಡಲು ನನಗೆ ಕಣ್ಣಿಲ್ಲ, ಆಡಲು ನಾಲಿಗೆಯಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಆ ಐವರನ್ನು ಬಚ್ಚಿಟ್ಟವರು ಪೇಟೆಯ ಜನ. ವಾರದೊಳಗೆ ದೊರೆ ರಾಜಧಾನಿ ಬಿಟ್ಟ. ಆಗಸ್ಟಿನಲ್ಲಿ ಅಂತರ್ಯುದ್ಧ. 1649ರ ಜನವರಿ 30ರಂದು ಅವನದೇ ಅರಮನೆಯ ಮುಂದೆ ಚಾರ್ಲ್ಸನ ತಲೆ ಉರುಳಿತು.

ಸಾಮಾನ್ಯವಾಗಿ ಪಾಠ ಇಲ್ಲಿಗೆ ಮುಗಿಯುತ್ತದೆ. ನಮಗೆ ಬೇಕಾದ ಪಾಠ ಇಲ್ಲಿಂದ ಶುರುವಾಗುತ್ತದೆ.

ಪಾರ್ಲಿಮೆಂಟಿಗೂ ಯುದ್ಧದ ಖರ್ಚಿತ್ತಲ್ಲ. ಅದು ಯಾರ ತಲೆಗೆ ಬಿತ್ತು? 1643ರಲ್ಲಿ ಪಾರ್ಲಿಮೆಂಟು 'ಎಕ್ಸೈಸು' ಎಂಬ ಹೊಸ ತೆರಿಗೆ ತಂದಿತು. ಬಡವ ಕುಡಿಯುವ ಬಿಯರಿನ ಮೇಲೆ ಹಾಕಿತು. ಮರುವರ್ಷ ಮಾಂಸಕ್ಕೂ ಉಪ್ಪಿಗೂ ಹಬ್ಬಿಸಿತು. ದೊರೆಯ ಅಕ್ರಮ ತೆರಿಗೆಯನ್ನು ಎದುರಿಸಿದವರು ಬಡವನ ಉಪ್ಪಿನ ಮೇಲೆ ಕೈಹಾಕಿದರು! 1647ರಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡ್ ದನದ ಪೇಟೆಯಲ್ಲಿ ಜನ ಎಕ್ಸೈಸ್ ಕಟ್ಟೆಗೆ ಬೆಂಕಿಯಿಟ್ಟ ಮೇಲೆ ಮಾಂಸ, ಉಪ್ಪುಗಳನ್ನು ಬಿಟ್ಟರು.

ದೊರೆಯನ್ನು ಸೋಲಿಸಿದ ಸೈನಿಕರು ಯಾರು? ನೇಕಾರರು, ಚಮ್ಮಾರರು, ಕಿರುಕುಳ ರೈತರ ಮಕ್ಕಳು. ಅವರ ಬಟವಾಡೆ ತಿಂಗಳುಗಟ್ಟಲೆ ಬಾಕಿ. ಅದನ್ನು ಕೊಡದೆಯೇ ಸೈನ್ಯವನ್ನು ಚದುರಿಸಲು ಪಾರ್ಲಿಮೆಂಟಿನ ಶ್ರೀಮಂತರು ಹೊರಟರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಸೈನಿಕರು ಒಪ್ಪಲಿಲ್ಲ. ಪ್ರತಿ ದಳದಿಂದ ತಮ್ಮ ಪ್ರತಿನಿಧಿಗಳನ್ನು ಆರಿಸಿಕೊಂಡರು. 1647ರ ಅಕ್ಟೋಬರ್ ಕೊನೆಯಲ್ಲಿ ಲಂಡನ್ನಿನ ಹತ್ತಿರ ಪಟ್ನಿ ಎಂಬ ಊರಿನ ಚರ್ಚಿನಲ್ಲಿ ಕ್ರಾಮ್‌ವೆಲ್ ಮೊದಲಾದ ದಳಪತಿಗಳ ಎದುರು ಕುಳಿತು ದೇಶದ ಭವಿಷ್ಯದ ಚರ್ಚೆ ಮಾಡಿದರು. ಈ ಭೂಮಿಯ ಮೇಲೆ ಕಡುಬಡವನಿಗೂ ಒಂದು ಬಾಳಿದೆ, ದೊಡ್ಡವನಿಗಿರುವಂತೆಯೇ. ತಾನು ಮತ ಕೊಡದ ಸರ್ಕಾರಕ್ಕೆ ಅವನು ತಲೆಬಾಗಬೇಕಾಗಿಲ್ಲ ಎಂಬುದು ಕರ್ನಲ್ ರೇನ್ಸ್‌ಬರೋ ವಾದ. ಕ್ರಾಮ್‌ವೆಲ್ಲನ ಅಳಿಯ ಐರ್ಟನ್ ಮರುನುಡಿದ: ಜಮೀನು ಇದ್ದವನಿಗೆ, ವ್ಯಾಪಾರದ ಸಂಘಗಳಲ್ಲಿ ಪಾಲಿದ್ದವನಿಗೆ ಮಾತ್ರ ದೇಶದಲ್ಲಿ ಸ್ಥಿರ ಹಿತವಿದೆ, ಏನೂ ಇಲ್ಲದವನಿಗೆ ಮತ ಕೊಟ್ಟರೆ ನಾಳೆ ಆಸ್ತಿಗೇ ಸಂಚಕಾರ. ದೊರೆಯ ದೈವದತ್ತ ಹಕ್ಕು ಹೋಯಿತು, ಆಸ್ತಿಯ ದೈವದತ್ತ ಹಕ್ಕು ಬಂದು ಕುಳಿತಿತು! 1649ರ ಮೇ ತಿಂಗಳಲ್ಲಿ ಬಂಡೆದ್ದ ಮುನ್ನೂರಕ್ಕೂ ಹೆಚ್ಚು ಸೈನಿಕರನ್ನು ಕ್ರಾಮ್‌ವೆಲ್ ಬರ್ಫರ್ಡ್ ಚರ್ಚಿನಲ್ಲಿ ಕೂಡಿಹಾಕಿ, ಮೂವರನ್ನು ಅದರ ಅಂಗಳದಲ್ಲಿ ಗುಂಡಿಕ್ಕಿಸಿದ. ದೊರೆಯ ತಲೆ ಬಿದ್ದು ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ನಾಲ್ಕು ವರ್ಷದ ಮೇಲೆ ಕ್ರಾಮ್‌ವೆಲ್ ಪಾರ್ಲಿಮೆಂಟನ್ನೂ ಸಿಪಾಯಿಗಳಿಂದ ಹೊರಹಾಕಿಸಿ ತಾನೇ ಒಡೆಯನಾದ. ಗಟ್ಟಿ ಕೈಗೆ ಕಿರೀಟವೇ ಇರಬೇಕೆಂದಿಲ್ಲ.

ಅವನು ಸತ್ತ ಎರಡೇ ವರ್ಷಕ್ಕೆ, 1660ರಲ್ಲಿ, ಹಳೆಯ ಮನೆತನ ತಿರುಗಿ ಬಂತು. ಎರಡನೆಯ ಚಾರ್ಲ್ಸ್ ಪಾರ್ಲಿಮೆಂಟಿನ ಹಂಗು ತಪ್ಪಿಸಿಕೊಳ್ಳಲು 1670ರಲ್ಲಿ ಫ್ರಾನ್ಸಿನ ದೊರೆಯೊಂದಿಗೆ ಗುಟ್ಟಿನ ಒಪ್ಪಂದ ಮಾಡಿಕೊಂಡು ಅವನಿಂದ ಹಣ ತಿಂದ. ದೇಶಭಕ್ತಿಯ ಉಪದೇಶ ಮಾಡುವ ಸಿಂಹಾಸನ ಹಣಕ್ಕಾಗಿ ದೇಶವನ್ನೇ ಅಡವಿಡುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅವನ ತಮ್ಮ ಜೇಮ್ಸ್ 1685ರಲ್ಲಿ ಪಟ್ಟಕ್ಕೆ ಬಂದಾಗ ಪಾರ್ಲಿಮೆಂಟು ಹಳೆಯ ತಪ್ಪನ್ನೇ ಮಾಡಿ ಕೈತುಂಬ ವರಮಾನವನ್ನು ಜೀವಮಾನಕ್ಕೆಲ್ಲ ಬರೆದುಕೊಟ್ಟಿತು. ದೊರೆ ಆ ದುಡ್ಡಿನಲ್ಲಿ ಸೈನ್ಯ ಬೆಳೆಸಿದ, ಬೇಡವಾದ ಕಾನೂನುಗಳನ್ನು ತನ್ನ ಇಷ್ಟದಂತೆ ಅಮಾನತ್ತಿನಲ್ಲಿಟ್ಟ. 1688ರಲ್ಲಿ ಅವನನ್ನು ಓಡಿಸಿ ಅಳಿಯ ವಿಲಿಯಮ್ಮನನ್ನು ಹಾಲೆಂಡಿನಿಂದ ಕರೆಸಬೇಕಾಯಿತು.

ಈ ಸಲ ಅವರಿಗೆ ಬುದ್ಧಿ ಬಂದಿತ್ತು. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆ ಇಲ್ಲ, ಶಾಂತಿಕಾಲದಲ್ಲಿ ಸೈನ್ಯ ಇಲ್ಲ, ಕಾನೂನನ್ನು ಅಮಾನತ್ತಿನಲ್ಲಿಡುವ ಅಧಿಕಾರ ಇಲ್ಲ ಎಂದು 1689ರ ಹಕ್ಕುಗಳ ಮಸೂದೆ ಸಾರಿತು. ಇಷ್ಟೇ ಆಗಿದ್ದರೆ ಅದೂ ರನ್ನಿಮೀಡಿನ ಕಾಗದದ ಹಾದಿಯನ್ನೇ ಹಿಡಿಯುತ್ತಿತ್ತು. ಅವರು ಮಾಡಿದ ನಿಜವಾದ ಕೆಲಸ ಬೇರೆ. ಸೈನ್ಯದ ಶಿಸ್ತಿನ ಕಾನೂನಿಗೆ ಅಲ್ಪ ಅವಧಿ ಕೊಟ್ಟರು. ಅದನ್ನು ವರ್ಷ ವರ್ಷವೂ ಹೊಸದು ಮಾಡುವ ಪದ್ಧತಿ ಬಂತು. ಮಾಡದಿದ್ದರೆ ಓಡಿಹೋದ ಸಿಪಾಯಿಯನ್ನು ಶಿಕ್ಷಿಸಲು ದೊರೆಗೆ ಅಧಿಕಾರವಿಲ್ಲ. ಬಂದರಿನ ಸುಂಕವನ್ನು ಕೆಲವೇ ವರ್ಷಗಳ ಮಟ್ಟಿಗೆ ಕೊಟ್ಟರು. 1698ರಲ್ಲಿ ಅರಮನೆಯ ಖರ್ಚಿಗೆ ವರ್ಷಕ್ಕೆ 7 ಲಕ್ಷ ಪೌಂಡು ಎಂದು ಗೊತ್ತುಮಾಡಿದರು. ಉದ್ರಿ ಗಿರಾಕಿಯ ಜೊತೆ ನಮ್ಮ ಶೆಟ್ಟರು ನಡೆದುಕೊಳ್ಳುವುದೂ ಹೀಗೆಯೇ: ಹಿಂದಿನ ಲೆಕ್ಕ ತೋರಿಸು, ಮುಂದಿನ ಸಾಮಾನು ಕಟ್ಟುತ್ತೇನೆ. 1689ರಿಂದ ಈಚೆಗೆ ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟು ಸೇರದ ವರ್ಷವಿಲ್ಲ. ಪಾರ್ಲಿಮೆಂಟು ಪಾಸು ಮಾಡಿದ ಮಸೂದೆಗೆ ಅಂಕಿತ ಹಾಕುವುದಿಲ್ಲವೆಂದು ಸಿಂಹಾಸನದಲ್ಲಿದ್ದವರು ಕೊನೆಯ ಸಲ ಹೇಳಿದ್ದು 1708ರಲ್ಲಿ.

ಆದರೆ ಬೀಗದ ಕೈ ಜಮೀನುದಾರರ, ಕೋಠಿವಾಲರ ಸೊಂಟದಲ್ಲೇ ಉಳಿಯಿತು. ನೂರಮೂವತ್ತು ವರ್ಷ ಕಳೆದ ಮೇಲೂ ಓಲ್ಡ್ ಸೇರಂ ಎಂಬ ಹಾಳುದಿಬ್ಬಕ್ಕೆ ಇಬ್ಬರು ಸದಸ್ಯರು. ಗಿರಣಿಗಳ ಹೊಗೆಯಲ್ಲಿ ಮುಳುಗಿದ್ದ ಮ್ಯಾಂಚೆಸ್ಟರಿಗೆ ಒಬ್ಬನೂ ಇಲ್ಲ. 1819ರ ಆಗಸ್ಟ್ 16ರಂದು ಅಲ್ಲಿನ ಸೇಂಟ್ ಪೀಟರ್ಸ್ ಬಯಲಿನಲ್ಲಿ ಸುಮಾರು 60 ಸಾವಿರ ಜನ, ಹೆಚ್ಚಿನವರು ನೇಕಾರರು ಮತ್ತು ಗಿರಣಿಯವರು, ಮಕ್ಕಳನ್ನು ಎತ್ತಿಕೊಂಡು, ಮತ ಕೇಳಲು ಸೇರಿದರು. ಅವರ ಮೇಲೆ ಕುದುರೆ ಹಾಯಿಸಿ ಕತ್ತಿ ಬೀಸಿದರು. ಕನಿಷ್ಠ 15 ಜನ ಸತ್ತರು, ನೂರಾರು ಜನ ಗಾಯಗೊಂಡರು. ಮೊದಲು ಕತ್ತಿ ಬೀಸಿದ ಸ್ಥಳೀಯ ಅಶ್ವದಳದಲ್ಲಿ ಗಿರಣಿ ಮಾಲೀಕರ ಮಕ್ಕಳಿದ್ದರು, ಅಂಗಡಿಕಾರರೂ ಇದ್ದರು. ಚೇಂಬರ್ಸನನ್ನು ನೆನಪಿಡಿ ಎಂದು ವ್ಯಾಪಾರಿ ಮಿತ್ರರಿಗೆ ಹೇಳಿದ ನಾವು ಇದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಡುವೆ ನಿಂತವನು ಯಾವ ಕಡೆಗೆ ವಾಲುತ್ತಾನೆಂಬುದರ ಮೇಲೆ ಬಹಳ ನಿಂತಿದೆ.

1842ರಲ್ಲಿ ಚಾರ್ಟಿಸ್ಟರೆಂಬ ಕಾರ್ಮಿಕರು ಹೊತ್ತುತಂದ ಅರ್ಜಿಗೆ 33 ಲಕ್ಷ ಸಹಿಗಳಿದ್ದವು. ಅದು ಪಾರ್ಲಿಮೆಂಟಿನ ಬಾಗಿಲಲ್ಲಿ ಹಿಡಿಸದೆ ಚೌಕಟ್ಟನ್ನೇ ಕೀಳಬೇಕಾಯಿತು. ಪಾರ್ಲಿಮೆಂಟು ಅದನ್ನು ತಿರಸ್ಕರಿಸಿತು. ಅವರ ಬೇಡಿಕೆಗಳು ಆರು. ಆಸ್ತಿಯಿಲ್ಲದವನೂ ಸದಸ್ಯನಾಗುವುದು 1858ರಲ್ಲಿ, ಗುಪ್ತ ಮತದಾನ 1872ರಲ್ಲಿ, ಸದಸ್ಯರಿಗೆ ಸಂಬಳ 1911ರಲ್ಲಿ, ವಯಸ್ಸಿಗೆ ಬಂದ ಗಂಡಸರಿಗೆಲ್ಲ ಮತ 1918ರಲ್ಲಿ ಬಂತು. ಹೆಂಗಸರಿಗೆ ಗಂಡಸರಷ್ಟೇ ಹಕ್ಕು ಬರಲು 1928 ಆಗಬೇಕಾಯಿತು. ಇದರಲ್ಲಿ ಯಾವುದು ದಯಪಾಲಿಸಿದ್ದು, ಸ್ವಾಮಿ?

ನಮ್ಮ ಮೈಸೂರು ಸಂಸ್ಥಾನದ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡಿ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಕರೆದರು. ಜಮೀನುದಾರರು, ವರ್ತಕರು ಸೇರಿ 144 ಜನ. ದಿವಾನರ ವರದಿ ಕೇಳುವುದು, ಅಹವಾಲು ಒಪ್ಪಿಸುವುದು, ಊರಿಗೆ ಮರಳುವುದು. ಇಂಡಿಯಾದಲ್ಲೇ ಹೊಸದೆಂದು ಹೊಗಳಿಕೆ ಬಂತು, ಬರಬೇಕಾದದ್ದೇ. ಆದರೆ ಬೊಕ್ಕಸದ ಬೀಗದ ಕೈ ಆ ಸಭೆಗೆ ಸಿಗಲಿಲ್ಲ. ಅಹವಾಲಿದೆ, ಹಣ ತಡೆಯುವ ಬಲವಿಲ್ಲ. ಜವಾಬ್ದಾರಿ ಸರ್ಕಾರ ಬರಲು 1947ರ ಮೈಸೂರು ಚಲೋ ಚಳವಳಿಯಲ್ಲಿ ಜನ ಬೀದಿಗಿಳಿದು ಜೈಲು ತುಂಬಬೇಕಾಯಿತು.

ಇಂದು ನಮ್ಮ ಕೈಯಲ್ಲಿ ಮತವಿದೆ, ಸಂವಿಧಾನವಿದೆ, ಬೊಕ್ಕಸದ ಬೀಗ ಲೋಕಸಭೆಯ ಕೈಯಲ್ಲಿದೆ ಎಂದು ಬರೆದಿದೆ. 2016ರ ನವೆಂಬರ್ 8ರ ರಾತ್ರಿ 8 ಗಂಟೆಗೆ ಏನಾಯಿತು? ಗಲ್ಲಾಪೆಟ್ಟಿಗೆಯಲ್ಲಿದ್ದ, ಬಟವಾಡೆಯ ಲಕೋಟೆಯಲ್ಲಿದ್ದ 500, 1000ದ ನೋಟುಗಳು ನಡುರಾತ್ರಿಗೆ ರದ್ದಿ ಕಾಗದವಾದವು. ಲೋಕಸಭೆಯಲ್ಲಿ ಒಂದು ಮತ ಎಣಿಸಲಿಲ್ಲ. ಕಾರಣ ಕೇಳಿದರೆ ಗುಟ್ಟು ಬೇಕಿತ್ತೆಂದರು. ಹಡಗಿನ ಹಣದ ವಕೀಲರ ವಾದ ನೆನಪಾಗುವುದಿಲ್ಲವೆ? 2023ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯದ ನಾಲ್ವರು ನ್ಯಾಯಮೂರ್ತಿಗಳು ಅದನ್ನು ಎತ್ತಿಹಿಡಿದರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಒಬ್ಬರೇ, ಇಂಥದ್ದು ಸಂಸತ್ತಿನ ಕಾನೂನಿನ ಮೂಲಕ ಆಗಬೇಕಿತ್ತೆಂದು ಭಿನ್ನ ತೀರ್ಪು ಬರೆದರು. 1638ರಲ್ಲಿ ಐವರಿದ್ದರು.

2018ರ ಮಾರ್ಚಿ 14ರಂದು ಲೋಕಸಭೆ ಆ ವರ್ಷದ ಇಡೀ ದೇಶದ ಖರ್ಚಿಗೂ ತೆರಿಗೆಗೂ ಸುಮಾರು ಅರ್ಧ ಗಂಟೆಯಲ್ಲಿ, ಚರ್ಚೆಯೇ ಇಲ್ಲದೆ, ಒಪ್ಪಿಗೆ ಕೊಟ್ಟಿತು. ಆಳುವವರು ಅವಸರಪಡಿಸಿದರು, ವಿರೋಧಪಕ್ಷದವರು ಭಿತ್ತಿಪತ್ರ ಹಿಡಿದು ಕೂಗುತ್ತಿದ್ದರು. ಕೂಗಿದವರನ್ನೂ ನಾವು ಬಿಡುವುದಿಲ್ಲ. ಹಣದ ಪ್ರತಿ ಬಾಬಿಗೂ ಲೆಕ್ಕ ಕೇಳಬೇಕಾದ ಹೊತ್ತಿನಲ್ಲಿ ಗದ್ದಲ ಮಾಡಿಕೊಂಡು ಕೂತರೆ ಬೀಗದ ಕೈಯನ್ನು ತಾವಾಗಿಯೇ ಕೊಟ್ಟಂತೆ. ಇಪ್ಪತ್ತು ಷಿಲ್ಲಿಂಗಿಗೆ ಹನ್ನೆರಡು ನ್ಯಾಯಾಧೀಶರನ್ನು ಕೂರಿಸಿದ ಮನುಷ್ಯನನ್ನು ನಾವು ಮಕ್ಕಳಿಗೆ ಹೇಳಿಕೊಡಲಿಲ್ಲ. ಅದರ ಫಲ ಉಣ್ಣುತ್ತಿದ್ದೇವೆ.

ಆ ಮುಖ್ಯ ಅತಿಥಿಗಳು ಮುಂದಿನ ಸಲ ನಮ್ಮ ಊರಿಗೆ ಬಂದಾಗ ಅವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಗಟ್ಟಿ ಕೈಯ ಆಳಿಗೆ ಸಂಬಳ ಕೊಡುವವರು ಯಾರು, ಅವನ ಲೆಕ್ಕ ನೋಡುವವರು ಯಾರು? ಅಲ್ಲಿಯವರೆಗೆ ನಮ್ಮ ಕೈಗೆ ಎಟುಕುವ ಬೀಗ ಒಂದಿದೆ. ಈ ವರ್ಷದ ಪುರಸಭೆಯ ಆಯವ್ಯಯದ ಪ್ರತಿಯನ್ನು ಪಕ್ಷದ ಕಛೇರಿಗೆ ತರಿಸಿದ್ದೇವೆ. ಬರುವ ಭಾನುವಾರ ಸಂಜೆ ಏಳಕ್ಕೆ, ಅಂಗಡಿ ಮುಚ್ಚುವ ಹೊತ್ತಿಗೆ ಒಂದು ಸಲ, ಎರಡನೆಯ ಪಾಳಿ ಬಿಟ್ಟ ಮೇಲೆ ಬರುವವರಿಗಾಗಿ ಇನ್ನೊಂದು ಸಲ, ಬಾಬುವಾರು ಗಟ್ಟಿಯಾಗಿ ಓದುತ್ತೇವೆ. ಮೊದಲು ಸಂತೆಯ ಸುಂಕ, ಆಮೇಲೆ ನೀರಿನ ಕಂದಾಯ. ಬರುವವರು ತಮ್ಮ ರಶೀದಿಗಳನ್ನು ತರಬೇಕು.